ಬಿಳಿಗಣ್ಣಿನ ಕಡಲಕ್ಕಿಗಳ ನಡುವೆ ಒಂದು ಕರಿಗಣ್ಣು

ಹಕ್ಕಿಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಮೊಳಕಾಲ್ಮೂರಿನಲ್ಲಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಮೂವತ್ತು ವರ್ಷವಾಯಿತು. ಈ ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಹಾರಿಹೋದ ನವಿಲುಗಳಿಗೆ ಲೆಕ್ಕವಿಲ್ಲ. ಗಿಳಿಗಳು ಅದಕ್ಕಿಂತ ಹೆಚ್ಚು. ಹಂಸಗಳಂತೂ ಕೇಳಲೇಬೇಡಿ! ಹಂಸವನ್ನು ನಾನು ಕಣ್ಣಾರೆ ನೋಡಿಲ್ಲ. ನೋಡಿದವರೂ ನನಗೆ ಸಿಕ್ಕಿಲ್ಲ. ಹಾಗಾಗಿ "ಓಬಣ್ಣ, ನಿನ್ನ ಹಂಸದ ಕತ್ತು ಸರಿಯಿಲ್ಲ" ಎಂದು ಹೇಳುವ ಧೈರ್ಯ ಈವರೆಗೆ ಯಾರಿಗೂ ಬಂದಿಲ್ಲ. ಇದನ್ನೇ ನಾನು ಪಾಂಡಿತ್ಯ ಎಂದುಕೊಂಡಿದ್ದೆ.

ಇಂಥ ಪಂಡಿತನ ಮನೆಗೆ ಒಂದು ಶನಿವಾರ ಬೆಳಿಗ್ಗೆ ವಸುಧಾ ಮೇಡಂ ಬಂದರು. ಕುದಾಪುರದ ಹತ್ತಿರದ ಒಂದು ವಿಜ್ಞಾನ ಕ್ಯಾಂಪಸ್ಸಿನಲ್ಲಿ ಅವರಿಗೆ ಕೆಲಸ. ತವರು ಕಾರವಾರದ ಕಡೆ, ಸಮುದ್ರದ ದಂಡೆ. ಚಿಕ್ಕಂದಿನಿಂದ ಅಲ್ಲಿ ಹಕ್ಕಿ ನೋಡಿ ನೋಡಿ, ನಮ್ಮ ಹುಲ್ಲುಗಾವಲಿಗೆ ಬಂದ ಮೇಲೂ ಕೊರಳಲ್ಲಿ ದುರ್ಬೀನು ನೇತುಹಾಕಿಕೊಂಡೇ ತಿರುಗುತ್ತಾರೆ. ಅವರ ಮದುವೆ ಗೊತ್ತಾಗಿತ್ತು. ಹುಡುಗ ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲಿನ ಮನೆಯವನು, ಹೆಸರು ಮಂಜುನಾಥ, ಅದೇ ಕ್ಯಾಂಪಸ್ಸಿನಲ್ಲಿ ಎಂಜಿನಿಯರು.

"ಧಾರೆ ಸೀರೆ ನೀವೇ ನೇಯ್ದು ಕೊಡ್ಬೇಕು. ಆದ್ರೆ ಅಂಚಿನಲ್ಲಿ ನವಿಲು ಬೇಡ," ಎಂದರು ಮೇಡಂ.

"ಹಂಸ ಹಾಕ್ತೀನಿ ಬಿಡಿ ಮೇಡಂ. ಕಣ್ ಮುಚ್ಕಂಡು ನೇಯ್ತೀನಿ!"

"ಹಂಸನೂ ಬೇಡ. ಕಣ್ಣು ತೆರ್ಕೊಂಡು ನೇಯೋ ಹಕ್ಕಿ ಬೇಕು."

ಅವರು ಮೊಬೈಲಿನಲ್ಲಿ ಎರಡು ಫೋಟೋ ತೋರಿಸಿದರು. ಎರಡರಲ್ಲೂ ಬಿಳಿ ಹಕ್ಕಿ, ಬೂದು ರೆಕ್ಕೆ, ಕೆಂಪು ಕೊಕ್ಕು, ಕೆಂಪು ಕಾಲು, ಕಿವಿಯ ಹತ್ತಿರ ಒಂದು ಮಸಿ ಬೊಟ್ಟು. ನಾನು ಬಲು ಗಂಭೀರವಾಗಿ ಎರಡನ್ನೂ ಪರಿಶೀಲಿಸಿ, "ಚೆನ್ನಾಗೈತೆ. ಒಂದೇ ಫೋಟೋ ಎರಡು ಸಲ ಬಂದೈತೆ," ಎಂದು ನನ್ನ ಅಭಿಪ್ರಾಯ ಮಂಡಿಸಿದೆ.

ಮೇಡಂ ನಕ್ಕರು. ಮೊದಲನೆಯದು ಕಂದುತಲೆಯ ಕಡಲಕ್ಕಿಯಂತೆ. ಎರಡನೆಯದು ಕರಿತಲೆಯ ಕಡಲಕ್ಕಿಯಂತೆ. ಹತ್ತಿರದ ನೆಂಟರು, ಆದರೆ ಜಾತಿ ಬೇರೆ.

ನನ್ನ ಹೆಂಡತಿ ಗೌರಮ್ಮ ಕಂಡಿಕೆಗೆ ನೂಲು ಸುತ್ತುತ್ತಾ ಕೂತಿದ್ದಳು. ಕೆಲಸ ಬಿಟ್ಟು ಎದ್ದು ಬಂದು ಮೊಬೈಲಿಗೆ ಬಗ್ಗಿದಳು. "ಕರಿತಲೆ ಅಂತೀರಿ, ತಲೆ ಬೆಳ್ಳಗೈತಲ್ರೀ?"

"ಇದು ಚಳಿಗಾಲದ ಫೋಟೋ. ಆಗ ಎರಡಕ್ಕೂ ತಲೆ ಬಿಳಿ. ಮೊಟ್ಟೆ ಇಡೋ ಕಾಲಕ್ಕೆ ಮಾತ್ರ ತಲೆಗೆ ಬಣ್ಣ ಬರತ್ತೆ."

"ಓ, ನಮ್ಮನೆಯೋರ ತರ. ಮದುವೆ ಮುಂಜಿ ಬಂದ್ರೆ ಮಾತ್ರ ತಲೆ ಕರ್ರಗಾಗ್ತದೆ," ಎಂದಳು ಗೌರಮ್ಮ. ನಾನು ಬೇರೆ ಕಡೆ ನೋಡಿದೆ.

ಆಮೇಲೆ ಮೇಡಂ ಸೀರೆಯ ಹಿಂದಿನ ಕತೆ ಹೇಳಿದರು. ಒಂದು ಚಳಿಗಾಲ ಕ್ಯಾಂಪಸ್ಸಿನವರೆಲ್ಲ ಸೇರಿ ಅವರ ಊರಿನ ಕಡಲ ದಂಡೆಗೆ ಹೋಗಿದ್ದರಂತೆ. ಮರಳಿನ ಮೇಲೆ ನೂರಾರು ಕಂದುತಲೆ ಹಕ್ಕಿ ಕೂತಿದ್ದವು. "ಇದರಲ್ಲಿ ಒಂದೇ ಒಂದು ಕರಿತಲೆ ಇದೆ, ಹುಡುಕಿ ನೋಡೋಣ," ಎಂದು ಮೇಡಂ ಸವಾಲು ಹಾಕಿದರು. ಎಲ್ಲರೂ ಐದು ನಿಮಿಷ ನೋಡಿ ಎಳನೀರು ಕುಡಿಯಲು ಹೋದರು. ಮಂಜುನಾಥ ಮಾತ್ರ ಅಲ್ಲೇ ಕೂತ. ಬಿಸಿಲೇರಿತು. ಮೂಗು ಕೆಂಪಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಎದ್ದು ಬಂದು, "ಬಲಗಡೆಯಿಂದ ಮೂರನೇ ಸಾಲು, ದೋಣಿಯ ಹಗ್ಗದ ಪಕ್ಕ," ಎಂದ. ಸರಿಯಾಗಿತ್ತು! ಮೇಡಂ ಅವತ್ತೇ ಮನಸ್ಸು ಮಾಡಿದರಂತೆ.

"ಅಷ್ಟು ಹೊತ್ತು ಒಂದನ್ನೇ ಮನಸ್ಸಿಟ್ಟು ನೋಡೋ ಗಂಡಸು ಎಲ್ಲಿ ಸಿಗ್ತಾನೆ ಹೇಳಿ?" ಎಂದರು.

ಗೌರಮ್ಮ ನನ್ನ ಕಡೆ ನೋಡಿ, "ನಮ್ಮನೇಲಿ ಕಣ್ಮುಂದಿರೋ ಉಪ್ಪಿನ ಡಬ್ಬೀನೇ ಸಿಗಲ್ಲ," ಎಂದಳು.

ಮೇಡಂ ಯೋಜನೆ ಹೀಗಿತ್ತು. ಸೀರೆಯ ಅಂಚು, ಸೆರಗು ಎಲ್ಲ ಕಡೆ ಹಾರುವ ಕಂದುತಲೆ ಹಕ್ಕಿಗಳು. ಅವುಗಳ ನಡುವೆ ಒಂದೇ ಒಂದು ಕರಿತಲೆ. ತಾಳಿ ಕಟ್ಟಿದ ಮೇಲೆ ಬಿಂದಿಗೆಯಲ್ಲಿ ಉಂಗುರ ಹುಡುಕುವ ಆಟ ಆಡಿಸುತ್ತಾರಲ್ಲ, ಅದರ ಬದಲು ಮದುಮಗ ಸೀರೆಯಲ್ಲಿ ಆ ಹಕ್ಕಿಯನ್ನು ಹುಡುಕಬೇಕು. ಎಲ್ಲಿದೆ ಎಂದು ಮೇಡಂಗೂ ಹೇಳಬಾರದು. ಎರಡೂ ಕಡೆಯ ನೆಂಟರಿಗೆ ಈಗಾಗಲೇ ಸುದ್ದಿ ಹೋಗಿತ್ತು. ಮಂಜುನಾಥನ ಸೋದರತ್ತೆಯಂದಿರು, "ನಮ್ಮ ಹುಡುಗ ಸೋತರೆ?" ಎಂದು ಚಿಂತೆ ಮಾಡುತ್ತಿದ್ದರಂತೆ.

"ನಿಮ್ಮನ್ನೇ ನಂಬಿದೀನಿ ಓಬಣ್ಣ," ಎಂದರು ಮೇಡಂ. "ಒಂದೇ ಇರ್ಬೇಕು. ಎರಡಾದ್ರೂ ಆಟ ಕೆಟ್ಟಂಗೆ, ಇಲ್ಲದಿದ್ರೂ ಕೆಟ್ಟಂಗೆ."

"ಮೇಡಂ, ನಾನು ಮೂವತ್ತು ವರ್ಷದಿಂದ..." ಎಂದು ಶುರು ಮಾಡಿ ಅರ್ಧ ಗಂಟೆ ಮಾತಾಡಿದೆ. ಪಾಪ, ನಂಬಿಕೊಂಡು ಹೋದರು.

ಎರಡು ಹಕ್ಕಿಗೂ ಇರುವ ವ್ಯತ್ಯಾಸವನ್ನು ಅವರು ಒಂದು ಕಾಗದದಲ್ಲಿ ಬರೆದುಕೊಟ್ಟಿದ್ದರು. ಕಂದುತಲೆಗೆ ಕಣ್ಣು ಬಿಳಿ, ರೆಕ್ಕೆಯ ತುದಿ ಅಗಲವಾಗಿ ಕಪ್ಪು, ಆ ಕಪ್ಪಿನೊಳಗೆ ಎರಡು ಬಿಳಿ ಚುಕ್ಕೆ. ಕರಿತಲೆಗೆ ಕಣ್ಣು ಕಪ್ಪು, ರೆಕ್ಕೆಯ ಮುಂದಿನ ಅಂಚು ಉದ್ದಕ್ಕೂ ಬಿಳಿ, ಕಪ್ಪು ಬರೀ ಹಿಂದಿನ ತುದಿಗೆ. ನಾನು ಗ್ರಾಫ್ ಹಾಳೆ ತಗೊಂಡು ಕೂತು, ಎರಡಕ್ಕೂ ಸೇರಿ ಒಂದೇ ಹಕ್ಕಿ ಬರೆದೆ. ನೇಯುವಾಗ ಒಂದಕ್ಕೆ ಮಾತ್ರ ಕಣ್ಣು ಕಪ್ಪು ಮಾಡಿದರಾಯಿತು! ನಮ್ಮ ಬೀದಿಯ ಕಿರಾಣಿ ಅಂಗಡಿಯ ಸುಬ್ಬಣ್ಣ ಅದನ್ನು ನೋಡಿ, "ಏಮಪ್ಪಾ ಓಬಣ್ಣ, ಬಾತುಕೋಳಿ ಬಾಗುಂದಿ!" ಎಂದು ಮೆಚ್ಚಿದ.

ಗೌರಮ್ಮ ಮೆಚ್ಚಲಿಲ್ಲ. "ರೆಕ್ಕೆ ಎಲ್ಲಿ ಬ್ಯಾರೆ ಮಾಡೀರಿ?"

"ರೆಕ್ಕೆ ತುದಿ ಯಾರೇ ನೋಡ್ತಾರೆ? ಕಣ್ಣು ಸಾಕು."

"ಬರಕೊಟ್ಟಾರಲ್ಲ, ಅವ್ರು ನೋಡ್ತಾರೆ. ತಗೀರಿ ಇಲ್ಲಿ," ಎಂದು ಪೆನ್ಸಿಲ್ ಕಿತ್ತುಕೊಂಡಳು. ನನ್ನ ಮೊಬೈಲಿನಲ್ಲಿ ಆ ಹಕ್ಕಿಗಳ ವಿಡಿಯೋ ಹಾಕಿಕೊಂಡು ಎರಡು ದಿನ ಕೂತಳು. ಮೂರನೆಯ ದಿನ ಎರಡು ಗ್ರಾಫ್ ನನ್ನ ಮುಂದಿಟ್ಟಳು. ಸುಳ್ಳು ಹೇಳಬಾರದು, ಹಾಳೆಯಿಂದ ಎದ್ದು ಹೋಗುತ್ತವೇನೋ ಅನ್ನಿಸಿತು. ನಾನು "ಪರವಾಗಿಲ್ಲ" ಎಂದೆ. ಗಂಡನೆಂಬ ಪದವಿಯಲ್ಲಿ ಇರುವವನು ಅಷ್ಟು ಮಾತ್ರ ಹೇಳಬಹುದು.

ನೇಯಲು ಕೂತ ಮೇಲೆ ಆ ಹಕ್ಕಿಗಳು ನನ್ನನ್ನು ಹಿಡಿದುಕೊಂಡವು. ಕಂದುತಲೆಯವು ಹಿಮಾಲಯದ ಆಚೆಯ ಎತ್ತರದ ಸರೋವರಗಳಲ್ಲಿ ಹುಟ್ಟಿ, ಚಳಿ ಶುರುವಾದರೆ ನಮ್ಮ ಕಡಲಿಗೆ ಇಳಿಯುತ್ತವಂತೆ. ಕರಿತಲೆಯವು ಇನ್ನೂ ದೂರದ ಉತ್ತರದಿಂದ ಬರುತ್ತವಂತೆ. ನಾನು ಬಳ್ಳಾರಿಗೆ ಹೋಗಬೇಕಾದರೆ ಮೂರು ದಿನ ಯೋಚಿಸುವವನು! ಅಂಗೈಯಷ್ಟು ಎದೆ ಇಟ್ಟುಕೊಂಡು ಅಂಥ ಬೆಟ್ಟ ದಾಟಿ ಬರುವ ಪ್ರಾಣಿಯನ್ನು ನಾನು ಬಾತುಕೋಳಿ ಮಾಡಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಒಂದೊಂದು ಕಣ್ಣಿಗೂ ಒಂದೊಂದೇ ಎಳೆ ಬಿಳಿ ರೇಷ್ಮೆ ಕೊಟ್ಟೆ. ರೆಕ್ಕೆಯ ಎರಡು ಚುಕ್ಕೆ ಒಂದು ಹಕ್ಕಿಗೂ ತಪ್ಪಲಿಲ್ಲ. ಸೆರಗಿನ ನಡುವೆ ಆ ಒಂಟಿ ಕರಿತಲೆಯನ್ನು ನೇಯ್ದ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ, ಮಧ್ಯಾಹ್ನ ಊಟಕ್ಕೆ ಎದ್ದವನು ಮತ್ತೆ ಎರಡು ಸಲ ಬಂದು ನೋಡಿ ಹೋದೆ. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಅಂಥ ಸೀರೆ ನೇಯ್ದಿರಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಕತೆ ಬರೆಯುತ್ತಿರಲಿಲ್ಲ.

ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ಧಾರೆ ಸೀರೆ ಮನೆ ಬಿಡುವ ಮೊದಲು ಅದಕ್ಕೊಂದು ದೃಷ್ಟಿ ಹೊಲಿಗೆ ಹಾಕಬೇಕು. ಕಪ್ಪು ರೇಷ್ಮೆಯ ಒಂದೇ ಗಂಟು. ಅದನ್ನು ಹಾಕಬೇಕಾದದ್ದು ಸೀರೆಯಲ್ಲಿರುವ ಯಾವುದಾದರೂ ಒಂದು ಹಕ್ಕಿಯ ಕಣ್ಣಿಗೆ. ಹಾಕಿದವರು ಯಾರಿಗೂ ಹೇಳಬಾರದು, ಹೇಳಿದರೆ ಫಲವಿಲ್ಲ. ಮೊದಲಿನಿಂದ ಇದು ನಮ್ಮ ಅವ್ವನ ಕೆಲಸ. ನವಿಲಿಗೂ ಗಿಳಿಗೂ ಕಣ್ಣು ಹೇಗೂ ಕಪ್ಪು. ಕಪ್ಪಿನ ಮೇಲೆ ಕಪ್ಪು ಗಂಟು ಯಾರಿಗೆ ಕಾಣಬೇಕು? ಮೂರು ತಲೆಮಾರಿನಿಂದ ಯಾರಿಗೂ ಕಂಡಿರಲಿಲ್ಲ.

ಸೀರೆ ಒಯ್ಯಲು ಕಾರು ಬಂದ ದಿನ ಅವ್ವ ಹಿತ್ತಲಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದಳು. ಕಣ್ಣಿನ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಪಾಪ, ಮುದುಕಿ, ಮರೆತಿದ್ದಾಳೆ ಎಂದುಕೊಂಡೆ. ಕೇಳುವಂತಿಲ್ಲ. ಕೇಳಿದರೆ ಗುಟ್ಟು ಒಡೆದಂತೆ. ಆದ್ದರಿಂದ ಮನೆತನದ ಗೌರವವನ್ನು ಕಾಪಾಡುವ ಹೊಣೆ ನನ್ನ ಮೇಲೆ ಬಿತ್ತು. ಬಾಗಿಲು ಓರೆ ಮಾಡಿ, ಸೂಜಿ ತಗೊಂಡು, ಸೆರಗಿನ ಮೂಲೆಯ ಹಕ್ಕಿಯ ಕಣ್ಣಿಗೆ ಗಂಟು ಹಾಕಿದೆ. ಗಂಟು ಬಿಗಿದ ಮೇಲೆ ನೋಡುತ್ತೇನೆ, ಬಿಳಿಗಣ್ಣು ಕರಿಗಣ್ಣಾಗಿದೆ! ಸೆರಗಿನಲ್ಲಿ ಎರಡು ಕರಿಗಣ್ಣು!

ಬಿಚ್ಚಲು ಕತ್ತರಿ ಹುಡುಕಿದೆ. ಕಾರಿನವನು ಹಾರ್ನ್ ಹೊಡೆದ. ಗೌರಮ್ಮ ಒಳಗೆ ಬಂದು ಸೀರೆ ಕಸಿದುಕೊಂಡು, ಮಡಿಸಿ, ಕುಂಕುಮ ಇಟ್ಟು ಕಳಿಸಿಯೇಬಿಟ್ಟಳು. ಇನ್ನೂರಕ್ಕೂ ಹೆಚ್ಚು ಹಕ್ಕಿಗಳಲ್ಲಿ ಒಂದು ಕಣ್ಣು, ಯಾರು ನೋಡುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೋಡುವುದಕ್ಕೆಂದೇ ಮಾಡಿಸಿದ ಸೀರೆ ಅದು ಎಂಬುದು ನನಗೆ ಬಸ್ಸಿನಲ್ಲಿ ನೆನಪಾಯಿತು.

ಮದುವೆ ಚಳ್ಳಕೆರೆಯ ದೊಡ್ಡ ಕಲ್ಯಾಣ ಮಂಟಪದಲ್ಲಿ. ನಾನು, ಗೌರಮ್ಮ, ಅವ್ವ ಮೂವರೂ ಹೋಗಿ ಎರಡನೇ ಸಾಲಿನಲ್ಲಿ ಕೂತೆವು. ನನ್ನ ತಲೆಗೆ ಹಿಂದಿನ ದಿನವೇ ಬಣ್ಣ ಬಂದಿತ್ತು. ಮೇಡಂ ಕಡಲಿನ ಬಣ್ಣದ ಆ ಸೀರೆ ಉಟ್ಟು ನಡೆದು ಬಂದಾಗ ಅಂಚಿನ ಹಕ್ಕಿಗಳು ನಿಜವಾಗಿಯೂ ಹಾರಿದವು. ಹೆಂಗಸರೆಲ್ಲ ಕತ್ತು ಉದ್ದ ಮಾಡಿದರು. ನನಗೆ ಹೊಟ್ಟೆಯೊಳಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಹೆದರಿಕೆ, ನಡುವೆ ಬೆಳಗಿನ ಉಪ್ಪಿಟ್ಟು.

ತಾಳಿ ಕಟ್ಟಿದ್ದಾಯಿತು. ಹುಡುಕುವ ಆಟ ಶುರುವಾಯಿತು. ಮೇಡಂ ಕುರ್ಚಿಯಲ್ಲಿ ಕೂತರು. ಇಬ್ಬರು ಗೆಳತಿಯರು ಸೆರಗನ್ನು ಅಗಲವಾಗಿ ಹಿಡಿದರು. ಮಂಜುನಾಥ ಪಂಚೆ ಮಡಚಿ ನೆಲದ ಮೇಲೆ ಕೂತು ಪಾದದ ಹತ್ತಿರದ ಅಂಚಿನಿಂದ ಒಂದೊಂದೇ ಹಕ್ಕಿ ನೋಡತೊಡಗಿದ. ಇದೆಲ್ಲ ಇರಲಿ, ವೇದಿಕೆಯ ಪಕ್ಕದಲ್ಲಿ ಗೋಡೆಯಷ್ಟು ದೊಡ್ಡ ಪರದೆ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ! ವಿಡಿಯೋದವನು ಒಂದೊಂದು ಹಕ್ಕಿಯನ್ನೂ ಎಮ್ಮೆಯಷ್ಟು ದೊಡ್ಡದು ಮಾಡಿ ತೋರಿಸುತ್ತಿದ್ದ.

ಬಿಳಿಗಣ್ಣು. ಬಿಳಿಗಣ್ಣು. ಬಿಳಿಗಣ್ಣು. ಆಮೇಲೆ ಪರದೆಯ ಮೇಲೆ ಕುಂಬಳಕಾಯಿ ಗಾತ್ರದ ಒಂದು ಕರಿಗಣ್ಣು!

ನನಗೆ ಎಷ್ಟು ಸಂತೋಷವಾಯಿತೆಂದರೆ, ಅದು ಸೀರೆಯ ಯಾವ ಭಾಗ ಎಂದೂ ನೋಡದೆ ಎದ್ದು ನಿಂತು, "ಅದೇ! ಸಿಕ್ತು!" ಎಂದು ಕೂಗಿಬಿಟ್ಟೆ. ಮಂಟಪವೆಲ್ಲ ಚಪ್ಪಾಳೆ ತಟ್ಟಿತು. ನೇಯ್ದವನೇ ಹೇಳಿದ ಮೇಲೆ ಇನ್ನೇನು?

ಮಂಜುನಾಥ ಮಾತ್ರ ತಲೆ ಎತ್ತಲಿಲ್ಲ. ಆಮೇಲೆ ಮೆಲ್ಲಗೆ, "ಇದಲ್ಲ ಸರ್," ಎಂದ. "ಕಣ್ಣು ಕಪ್ಪಗಿದೆ, ಆದ್ರೆ ರೆಕ್ಕೆ ಕಂದುತಲೇದು. ಎರಡು ಬಿಳಿ ಚುಕ್ಕೆ ಇದಾವೆ ನೋಡಿ. ಮರಿ ಇರಬಹುದು ಅಂದ್ಕೊಂಡೆ, ಕಂದುತಲೆ ಮರಿಗೂ ಕಣ್ಣು ಕಪ್ಪಗಿರತ್ತೆ. ಆದ್ರೆ ಮರಿಗೆ ಬಾಲದ ತುದೀಲಿ ಕಪ್ಪು ಪಟ್ಟಿ ಇರಬೇಕು. ಇದಕ್ಕಿಲ್ಲ. ಇದು ಯಾವ ಹಕ್ಕಿನೂ ಅಲ್ಲ."

ಯಾವ ಹಕ್ಕಿಯೂ ಅಲ್ಲ! ಚಪ್ಪಾಳೆ ನಿಂತುಹೋಯಿತು. ನಾನು ಕುರ್ಚಿಗೆ ಇಳಿದೆ. ಅಷ್ಟರಲ್ಲಿ ಒಂದು ವಿಷಯ ತಲೆಗೆ ಹೊಳೆಯಿತು. ನಾನು ಗಂಟು ಹಾಕಿದ್ದು ಸೆರಗಿಗೆ. ಪಾದದ ಹತ್ತಿರದ ಅಂಚಿಗೆ ಯಾರು ಹಾಕಿದರು?

ಪಕ್ಕಕ್ಕೆ ತಿರುಗಿದೆ. ಅವ್ವ ಗಂಭೀರವಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಅವ್ವಾ, ನೀನಾ?"

"ಬೆಳ್ಳಗೆ ಕಣ್ ಬಿಟ್ಕಂಡು ನನ್ನೇ ನೋಡ್ತಿತ್ತಪ್ಪ. ದೃಷ್ಟಿ ಹೊಲಿಗೆ ಹಾಕಬ್ಯಾಡ್ವಾ? ಮರೀತೀನಾ ನಾನು?"

ಪರದೆಯ ಮೇಲೆ ಭುಜದ ಹತ್ತಿರದ ಅಂಚು ಬಂತು. ಇನ್ನೊಂದು ಕರಿಗಣ್ಣು! ಭುಜದ ಮೇಲಿನದೆಲ್ಲ ಸೆರಗೇ ಎಂದುಕೊಂಡು, ಈ ಸಲ ಪೂರ್ತಿ ಎದ್ದೇಳದೆ ಅರ್ಧ ಎದ್ದು, "ಇದೇ ಇರ್ಬೇಕು," ಎಂದೆ. ಮಂಜುನಾಥ ರೆಕ್ಕೆ ನೋಡಿ, ಇದೂ ಅಲ್ಲವೆಂದು ತಲೆಯಾಡಿಸಿದ. ನಾನು ಗೌರಮ್ಮನ ಕಡೆ ನೋಡಿದೆ. ಅವಳು ಮಂಟಪದ ಚಾವಣಿಯ ಫ್ಯಾನುಗಳನ್ನು ಎಣಿಸುತ್ತಿದ್ದಳು.

"ಅತ್ತೆ ಮರ್ತಿದಾರೆ ಅಂದ್ಕಂಡೆ," ಎಂದಳು ಫ್ಯಾನಿಗೆ.

ಮೂರನೆಯದು ಸೆರಗಿನ ಮೂಲೆಯಲ್ಲಿ ಸಿಕ್ಕಿತು. ಆ ಸೊಟ್ಟ ಗಂಟು ಯಾರದ್ದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಈ ಸಲ ಕುರ್ಚಿ ಬಿಟ್ಟು ಏಳಲಿಲ್ಲ. ಈಗ ಮಂಟಪದಲ್ಲಿ ಗುಸುಗುಸು ಶುರುವಾಯಿತು. ಸೋದರತ್ತೆಯೊಬ್ಬರು, "ನೇಯ್ದೋನಿಗೇ ಗೊತ್ತಿಲ್ಲ, ನಮ್ ಹುಡುಗನ್ನ ಯಾಕೆ ಕುಣಿಸ್ತೀರಿ?" ಎಂದು ಗಟ್ಟಿಯಾಗಿಯೇ ಅಂದರು. ಮೇಡಂ ಮುಖದಲ್ಲಿ ನಗು ಸಣ್ಣದಾಗುತ್ತಾ ಬಂತು. ಅದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಆ ಹುಡುಗಿ ನಮ್ಮನ್ನು ನಂಬಿ ತನ್ನ ಜೀವನದ ದೊಡ್ಡ ದಿನವನ್ನು ನಮ್ಮ ಕೈಗೆ ಕೊಟ್ಟಿದ್ದಳು. ನಾವು ಮೂವರು ಸೇರಿ ಅದರ ಕಣ್ಣಿಗೆ ಗಂಟು ಹಾಕಿದ್ದೆವು.

ಆದರೆ ಮಂಜುನಾಥ ಎದ್ದೇಳಲಿಲ್ಲ. ಬೆವರು ಒರೆಸಿಕೊಂಡು ಮತ್ತೆ ಸೆರಗಿಗೆ ಬಗ್ಗಿದ. ಅವನಿಗೆ ಕಣ್ಣಿನ ಮೇಲೆ ಭರವಸೆ ಹೋಗಿತ್ತು. ರೆಕ್ಕೆಯನ್ನೇ ನೋಡುತ್ತಾ ಹೋದ. ಸಾಲು ಸಾಲು, ತುದಿಯಿಂದ ತುದಿಗೆ. ಪುರೋಹಿತರು ಗಡಿಯಾರ ನೋಡಿದರು. ಅವನು ನೋಡಲಿಲ್ಲ. ಕೊನೆಗೆ ಸೆರಗಿನ ನಡುವೆ ಬೆರಳಿಟ್ಟು, "ಇದು. ರೆಕ್ಕೆಯ ಮುಂದಿನ ಅಂಚು ಬಿಳಿ. ಚುಕ್ಕೆ ಇಲ್ಲ. ಇದೇ," ಎಂದ.

ಇಷ್ಟಾದ ಮೇಲೆ ಸುಮ್ಮನಿರುವ ಬುದ್ಧಿ ನನಗೆ ಬರಬೇಕಿತ್ತು. ಎರಡು ಸಲ ಅವಸರಪಟ್ಟು ತಪ್ಪು ಹೇಳಿದ್ದೆನಲ್ಲ, ಈ ಸಲ ಜವಾಬ್ದಾರಿಯಿಂದ ವರ್ತಿಸಬೇಕೆಂದು ಪರದೆಯನ್ನು ಚೆನ್ನಾಗಿ ಪರಿಶೀಲಿಸಿದೆ. ನಾನು ನೇಯ್ದ ಕರಿತಲೆ ಎಡಕ್ಕೆ ಹಾರುತ್ತಿತ್ತು. ಇದು ಬಲಕ್ಕೆ ಹಾರುತ್ತಿದೆ! ಎದ್ದು ನಿಂತು, ಕೈ ಎತ್ತಿ, ಇಡೀ ಮಂಟಪಕ್ಕೆ ಕೇಳುವಂತೆ ಘೋಷಿಸಿದೆ: "ಅಲ್ಲ! ಅದಲ್ಲ!"

ಗೌರಮ್ಮ ನನ್ನ ಅಂಗಿ ಹಿಡಿದು ಎಳೆದಳು. "ಮಗ್ಗದಾಗೆ ಸೀರೆ ಮುಖ ಕೆಳಗಿರ್ತದೆ, ನೀವು ನೋಡೋದು ಬೆನ್ನು! ಎಡ ಇದ್ದಿದ್ದು ಬಲ ಆಗ್ತದೆ! ಮೂವತ್ತು ವರ್ಷ ಏನ್ ಮಾಡಿದ್ರಿ?"

ಮೂವತ್ತು ವರ್ಷ ಬೆನ್ನು ನೋಡಿದ್ದೆ. ಅದನ್ನು ಅಲ್ಲಿ ಹೇಳುವ ಹಾಗಿರಲಿಲ್ಲ.

ಅಷ್ಟರಲ್ಲಿ ಮೇಡಂ ಬಗ್ಗಿ ಆ ಹಕ್ಕಿಯನ್ನು ನೋಡಿದರು. "ಇದೇ," ಎಂದರು. ಕಣ್ಣು ತುಂಬಿತ್ತು. "ಸುಳ್ಳು ಕಣ್ಣು ಮೂರಿದ್ರೂ ಮೋಸ ಹೋಗಲಿಲ್ಲ," ಎಂದು ಮಂಜುನಾಥನ ಕೈ ಹಿಡಿದುಕೊಂಡರು. ಈಗ ಬಿದ್ದ ಚಪ್ಪಾಳೆ ಮೊದಲಿನದ್ದರಂತೆ ಇರಲಿಲ್ಲ. ಸೋದರತ್ತೆಯಂದಿರೂ ತಟ್ಟಿದರು. ಎರಡು ಹಕ್ಕಿಗೆ ಇಷ್ಟು ಸಣ್ಣ ವ್ಯತ್ಯಾಸ, ಅದನ್ನು ಇಷ್ಟು ಪ್ರೀತಿಯಿಂದ ಹುಡುಕುವ ಇಬ್ಬರು ಒಂದೇ ಕಡೆ ಸೇರಿದ್ದು ನೋಡಿ, ದೃಷ್ಟಿ ಹೊಲಿಗೆ ಮೂರು ಬಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು.

ಊಟದ ಪಂಕ್ತಿಗೆ ಹೋಗುವಾಗ ಹಿಂದಿನಿಂದ ಯಾರೋ "ಅದಲ್ಲ, ಅದಲ್ಲ" ಎಂದು ನನ್ನ ದನಿಯಲ್ಲೇ ಕೂಗಿ ನಕ್ಕರು. ನಾನು ತಲೆ ತಗ್ಗಿಸಿ ಎಲೆಯ ಮುಂದೆ ಕೂತೆ. ಆಗ ಮದುಮಗನ ಸೋದರಮಾವ ಬಂದರು. ಬೆಳಗಿನಿಂದ ಅಡುಗೆಯ ಉಸ್ತುವಾರಿಯಲ್ಲಿದ್ದ ಅವರು ಆಟ ನೋಡಿರಲಿಲ್ಲ, ಸೀರೆ ಮಾತ್ರ ನೋಡಿದ್ದರು.

"ಮೊಳಕಾಲ್ಮೂರಿನೋರಂತೆ? ಆ ಸೀರೆ ನೇಯ್ದೋರು ನೀವೇ ಏನ್ರಿ?" ಎಂದರು.

ಇನ್ನೂ ಎಷ್ಟು ನಗೆಪಾಟಲಾಗುವುದು? "ಇಲ್ರೀ," ಎಂದೆ ಥಟ್ಟನೆ. "ನಾನು ಅವ್ರ ಪಕ್ಕದ ಮನೆಯೋನು."

"ಅಯ್ಯೋ! ಎಂಥಾ ಕೈ ರೀ ಅದು! ಆ ರೆಕ್ಕೆ ಕೆಲಸ ನೋಡಿ ನಮ್ ಮನೆ ಹೆಣ್ಮಕ್ಕಳು ಮೂಗಿನ ಮ್ಯಾಲೆ ಬೆರಳಿಟ್ಕಂಡಿದಾರೆ. ನನ್ ಇಬ್ರು ಹೆಣ್ಮಕ್ಕಳ ಧಾರೆ ಸೀರೆ ಅವ್ರೇ ನೇಯ್ಬೇಕು. ಅವ್ರು ಬಂದಿದ್ರೆ ಇವತ್ತೇ ವೇದಿಕೆ ಮ್ಯಾಲೆ ಕೂರಿಸಿ ಶಾಲು ಹೊದಿಸ್ತಿದ್ವಿ!" ಎಂದು ಅವರು ನಿಂತಲ್ಲೇ ಹೊಗಳತೊಡಗಿದರು. ಇಷ್ಟು ಹೊಗಳಿಕೆ ನನ್ನ ಜೀವಮಾನದಲ್ಲಿ ಕೇಳಿರಲಿಲ್ಲ. ಒಂದಕ್ಷರವೂ ನನ್ನದಾಗಿರಲಿಲ್ಲ.

ಬಾಯಲ್ಲಿದ್ದ ಹೋಳಿಗೆ ನುಂಗಿ, "ಅಲ್ರೀ, ಅಂದ್ರೆ, ನಾನೇ..." ಎಂದು ಸರಿಪಡಿಸಲು ಹೊರಟೆ.

ಪಕ್ಕದ ಎಲೆಯಿಂದ ಗೌರಮ್ಮ ತಲೆ ಎತ್ತಿದಳು. "ಆ ರೆಕ್ಕೆ ನಂದೇ ರೀ. ಗ್ರಾಫ್ ಹಾಕ್ದೋಳು ನಾನೇ."

ಸೋದರಮಾವ ಕೈ ಮುಗಿದರು. ಯಾರನ್ನೋ ಕರೆದು ಶಾಲು ತರಿಸಿ, ಊಟದ ಪಂಕ್ತಿಯಲ್ಲೇ ಹೊದಿಸಿದರು. ಅವ್ವ ಸಂತೋಷದಿಂದ ತಲೆಯಾಡಿಸಿದಳು. ಹೊರಡುವಾಗ ಅವರಿಗೆ ನನ್ನ ನೆನಪಾಗಿ, "ತಾಯೀ, ಇವ್ರು ನಿಮ್ಗೆ...?" ಎಂದು ಕೇಳಿದರು.

ಗೌರಮ್ಮ ಶಾಲು ಸರಿಮಾಡಿಕೊಂಡು ಹೇಳಿದಳು: "ಇವ್ರಾ? ಈಗ್ ಅವ್ರೇ ಹೇಳಿದ್ರಲ್ಲ, ಪಕ್ಕದ ಮನೆಯೋರು. ಪಾಪ, ಊಟಕ್ಕೆ ಕರ್ಕಂಡ್ ಬಂದೆ."